ಎಲ್ಲಿಂದ ಬಂದ್ವು ಈ ಆನೆಗಳು? ಕಾರವಾರದಿಂದ ಶಿರಸಿವರೆಗೆ ನಾಲ್ಕು ದಿನ

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೊರಟಾಗ ನೇರ ಶಿರಸಿ ಬಸ್ಸು ಹತ್ತಲಿಲ್ಲ. ಮಗಳಿಗೆ ಸಮುದ್ರ ನೋಡಬೇಕಿತ್ತು, ನನಗೆ ಆನೆ ನೋಡಬೇಕಿತ್ತು, ಕಾರವಾರದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಬಾವನಿಗೆ ಹೊಸ ಕಾರು ಓಡಿಸಬೇಕಿತ್ತು. ಹಾಗಾಗಿ ಕಾರವಾರ, ಅಣಶಿ, ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ, ಆಮೇಲೆ ಶಿರಸಿ ಅಂತ ಒಂದು ಸುತ್ತುದಾರಿ ತಯಾರಾಯಿತು. ಅಂಕೋಲಾ, ಯಲ್ಲಾಪುರ ಮೇಲೆ ಹೋಗಿದ್ದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಿತ್ತು. ನಾವು ನಾಲ್ಕು ದಿನ ತೆಗೆದುಕೊಂಡೆವು.

ಆನೆ ಹುಚ್ಚು ಹಿಡಿದದ್ದು ಹೇಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಡಿಎನ್‌ಎ ಪರೀಕ್ಷೆ ಮಾಡುವವನು. ಮನುಷ್ಯರದ್ದು. ರಕ್ತ ಬರುತ್ತದೆ, ಯಂತ್ರಕ್ಕೆ ಹೋಗುತ್ತದೆ, ವರದಿ ಆಚೆ ಬರುತ್ತದೆ. 2025ರ ಅಕ್ಟೋಬರಿನಲ್ಲಿ ದೇಶದ ಆನೆ ಗಣತಿಯ ವರದಿ ಬಂತು. ಲದ್ದಿಯಲ್ಲಿರುವ ಡಿಎನ್‌ಎ ನೋಡಿ ಎಣಿಸಿದ್ದರು. ದೇಶದಲ್ಲಿ 22,446 ಆನೆ, ಕರ್ನಾಟಕದಲ್ಲೇ 6,013, ಬೇರೆಲ್ಲ ರಾಜ್ಯಕ್ಕಿಂತ ಜಾಸ್ತಿ. 2017ರಲ್ಲಿ 27,312 ಇದ್ದವಲ್ಲ, ಹಾಗಾದರೆ ಐದು ಸಾವಿರ ಆನೆ ಸತ್ತವಾ ಅಂತ ಆಫೀಸಿನಲ್ಲಿ ಒಬ್ಬರು ಕೇಳಿದರು. ಹಾಗೆ ಹೇಳೋ ಹಾಗಿಲ್ಲ, ಎಣಿಸುವ ರೀತಿಯೇ ಬೇರೆ. ನಾನು ದಿನಾ ಮಾಡುವ ಕೆಲಸವನ್ನೇ ಯಾರೋ ಲದ್ದಿ ಮೇಲೆ ಮಾಡಿದ್ದಾರೆ ಅಂತ ಗೊತ್ತಾದ ಮೇಲೆ ಓದುತ್ತಾ ಹೋದೆ. ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ಯಾರಿಗಾದರೂ ಹೇಳಬೇಕು. ಕಾರಿನಲ್ಲಿ ಸಿಕ್ಕಿಬಿದ್ದವರಿಗಿಂತ ಒಳ್ಳೆಯ ಕೇಳುಗರು ಎಲ್ಲಿ ಸಿಗುತ್ತಾರೆ?

ಮೊದಲ ದಿನ: ಕಾರವಾರ

ರೈಲು ಇಳಿದಾಗ ಬೆಳಗ್ಗೆ. ಬಾವನ ಮನೆಯಲ್ಲಿ ಅವಲಕ್ಕಿ ತಿಂದು ನೇರ ಕೋಡಿಬಾಗದ ಕಡೆ ಹೋದೆವು. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದುಬಿತ್ತಲ್ಲ, ಆ ಜಾಗ ನೋಡಿ ಮಗಳು ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಬೋಟಿನಲ್ಲಿ ದೇವಬಾಗದ ಆಚೆ ಸಮುದ್ರಕ್ಕೆ. ಡಾಲ್ಫಿನ್ ಕಂಡರೆ ಕಂಡವು, ಕಾಣದಿದ್ದರೆ ದುಡ್ಡು ವಾಪಸ್ ಕೇಳಬೇಡಿ ಅಂತ ಬೋಟಿನವರು ಮೊದಲೇ ಹೇಳಿದ್ದರು. ಎರಡು ಕಂಡವು. ಬೂದು ಬೆನ್ನು ಒಂದು ಕ್ಷಣ ಮೇಲೆ, ಅಷ್ಟೇ.

"ಅಪ್ಪಾ, ಸಮುದ್ರದಲ್ಲಿ ಆನೆ ಇದ್ಯಾ?" ಅಂತ ಕೇಳಿದಳು.

ಇದ್ದ ಹಾಗೇ. ಕಡಲ ಹಸು ಅಂತ ಒಂದಿದೆ, ಡುಗಾಂಗ್. ನಮ್ಮ ಕಾರವಾರದ ನೀರಲ್ಲಿ ಅಲ್ಲ. ಕಛ್ ಕೊಲ್ಲಿ, ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಅಂಡಮಾನ್ ಕಡೆ. ಕಡಲ ತಳದ ಹುಲ್ಲು ಮೇಯುತ್ತದೆ. ತಮಿಳುನಾಡು 2022ರಲ್ಲಿ ಅದಕ್ಕಂತಲೇ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶ ಮಾಡಿತು. ಹೆಸರು ಹಸು ಅಂತ ಇದ್ದರೂ ಅದು ಹಸುವಿಗೆ ಏನೂ ಆಗಬೇಕಿಲ್ಲ, ಆನೆಗೆ ನೆಂಟ. ಇತ್ತ ನಾವು ಈಗಷ್ಟೇ ನೋಡಿದ ಡಾಲ್ಫಿನ್ ಇದೆಯಲ್ಲ, ಅದರ ಬಳಗ ಹುಡುಕಿದರೆ ನೀರಾನೆ, ದನ ಸಿಗುತ್ತವೆ. ಆ ನೀರಾನೆಯೂ ಆನೆಯಲ್ಲ. ಹೆಸರಿಟ್ಟವರು ಎಲ್ಲ ಅದಲುಬದಲು ಮಾಡಿದ್ದಾರೆ.

ಬಾವ ನಂಬಲಿಲ್ಲ. "ಆನೆಗೂ ಮೀನಿಗೂ ಎಂತ ಸಂಬಂಧ ಬಾವ?"

ಮೀನಲ್ಲ ಬಾವ, ಹಾಲು ಕುಡಿಸುವ ಪ್ರಾಣಿ. ಕೆಚ್ಚಲು ಎಲ್ಲಿದೆ ನೋಡು. ದನಕ್ಕೆ ಹಿಂಗಾಲ ನಡುವೆ. ಆನೆಗೆ ಮುಂಗಾಲ ನಡುವೆ, ಎದೆಯ ಮೇಲೆ. ಕಡಲ ಹಸುವಿಗೂ ಮುಂದಿನ ರೆಕ್ಕೆಯ ಬುಡದಲ್ಲೇ. ಗಂಡು ಡುಗಾಂಗ್‌ಗೆ ಚಿಕ್ಕ ದಾಡೆ ಬರುತ್ತದೆ, ಅದೂ ಆನೆಯ ದಂತದ ಹಾಗೆ ಬಾಚಿಹಲ್ಲೇ. ಡಿಎನ್‌ಎ ನೋಡಿದಾಗಲೂ ಇದೇ ನೆಂಟಸ್ತಿಕೆ ಗಟ್ಟಿಯಾಯಿತು. ಆನೆ, ಕಡಲ ಹಸು, ಹೈರಾಕ್ಸ್ ಎಂಬ ಮೊಲದಷ್ಟು ದೊಡ್ಡ ಬಂಡೆವಾಸಿ, ಮೂರೂ ಒಂದೇ ಮನೆತನ. ಮೂಲಮನೆ ಆಫ್ರಿಕಾ.

ಆನೆಯ ಮೈಯಲ್ಲಿ ನೀರಿನ ನೆನಪು ಇನ್ನೂ ಇದೆ ಅನ್ನುವವರಿದ್ದಾರೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 1999ರಲ್ಲಿ ಆನೆಯ ಭ್ರೂಣದ ಮೂತ್ರಪಿಂಡದಲ್ಲಿ ಮೀನು, ಕಪ್ಪೆಗಳಲ್ಲಿ ಇರುವಂಥ ಸಣ್ಣ ಕೊಳವೆಬಾಯಿಗಳನ್ನು ಕಂಡರು. ಇನ್ನೊಂದು ಶ್ವಾಸಕೋಶದ್ದು. ನಮಗೆಲ್ಲ ಶ್ವಾಸಕೋಶಕ್ಕೂ ಎದೆಗೂಡಿಗೂ ಮಧ್ಯೆ ತೆಳ್ಳಗೆ ದ್ರವ ತುಂಬಿದ ಜಾಗ ಇರುತ್ತದೆ. ಆನೆಗೆ ಆ ಜಾಗವೇ ಇಲ್ಲ, ಅಂಗಾಂಶ ತುಂಬಿ ಎರಡೂ ಅಂಟಿಕೊಂಡಿವೆ. ಮೈಯೆಲ್ಲ ನೀರೊಳಗಿಟ್ಟು ಸೊಂಡಿಲು ಮಾತ್ರ ಮೇಲೆತ್ತಿ ಉಸಿರೆಳೆದರೆ ಒತ್ತಡಕ್ಕೆ ಒಳಗಿನ ರಕ್ತನಾಳ ಒಡೆಯಬಾರದಲ್ಲ, ಅದಕ್ಕೆ ಈ ಏರ್ಪಾಡು ಅಂತ ಒಂದು ವಿವರಣೆ. ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ನನಗಂತೂ ಬೋಟಿನಲ್ಲಿ ಕೂತು ಇದನ್ನು ಹೇಳುವಾಗ ನಂಬದೇ ಇರೋಕೆ ಆಗಲಿಲ್ಲ.

ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಮಗಳು ಮರಳಲ್ಲಿ ಆನೆ ಮಾಡಿದಳು. ಸೊಂಡಿಲು ನಿಲ್ಲಲಿಲ್ಲ, ಬಿದ್ದುಹೋಯಿತು. ಬಾವ ಅದಕ್ಕೇ ಇದು ಕಡಲ ಹಸು ಅಂದುಬಿಟ್ಟ.

ಎರಡನೇ ದಿನ: ಅಣಶಿ ಘಟ್ಟ

ಕದ್ರಾ ದಾಟಿ ಘಟ್ಟ ಹತ್ತಿದೆವು. ಅಣಶಿ ಹತ್ತಿರ ಒಂದು ಕೆಂದಳಿಲು ಮರದಿಂದ ಮರಕ್ಕೆ ಹಾರಿತು, ಬಾಲವೇ ಮೈಯಷ್ಟಿತ್ತು. ಇಂಥ ಮೂರು ಅಳಿಲನ್ನು ತಕ್ಕಡಿಗೆ ಹಾಕಿದರೆ ಮೊದಲ ಆನೆಯ ತೂಕ ಅಂದೆ. ಮಗಳು ನಕ್ಕಳು. ಸುಳ್ಳಲ್ಲ. ಮೊರಾಕ್ಕೊದಲ್ಲಿ ಸಿಕ್ಕಿದ ಪಳೆಯುಳಿಕೆ, 6 ಕೋಟಿ ವರ್ಷ ಹಿಂದಿನದು, ಹೆಸರು ಎರಿಥೀರಿಯಂ. 2009ರಲ್ಲಿ ವಿವರ ಪ್ರಕಟವಾಯಿತು. ತೂಕ ಐದಾರು ಕಿಲೋ. ಸೊಂಡಿಲಿಲ್ಲ, ದಂತ ಅನ್ನುವಂಥದ್ದಿಲ್ಲ. ಬಾಚಿಹಲ್ಲು ಒಂಚೂರು ಮುಂದೆ ಬಂದಿತ್ತು, ಅಷ್ಟೇ. ಡೈನೋಸಾರ್‌ಗಳು ಅಳಿದು 60 ಲಕ್ಷ ವರ್ಷ ಆಗಿತ್ತು, ಜಾಗ ಖಾಲಿ ಇತ್ತು. ಅದಾಗಿ ಎರಡು ಕೋಟಿ ವರ್ಷದ ಮೇಲೆ ಈಜಿಪ್ಟಿನಲ್ಲಿ ಮೀರಿಥೀರಿಯಂ, ಹಂದಿಯಂಥ ಉದ್ದ ಮೈ, ಗಿಡ್ಡ ಕಾಲು. ಅದರ ಹಲ್ಲನ್ನು ಪರೀಕ್ಷಿಸಿದಾಗ ಸಿಹಿನೀರಿನ ಗಿಡ ತಿಂದುಕೊಂಡು ಕೆಸರಲ್ಲೇ ಜಾಸ್ತಿ ಇರುತ್ತಿತ್ತು ಅಂತ ಗೊತ್ತಾಯಿತು.

ಆಗ ಆಫ್ರಿಕಾ ಒಂದು ದೊಡ್ಡ ದ್ವೀಪ. ಸುಮಾರು 2 ಕೋಟಿ ವರ್ಷ ಹಿಂದೆ ಅರೇಬಿಯಾದ ಕಡೆಯಿಂದ ಅದು ಏಷ್ಯಾಕ್ಕೆ ಅಂಟಿತು. ಬಾಗಿಲು ತೆರೆದದ್ದೇ ತಡ, ಆನೆ ಬಳಗ ಹೊರಗೆ ಬಂತು. ಕೆಳದವಡೆಯಿಂದ ಕೆಳಕ್ಕೆ ಬಾಗಿದ ದಾಡೆಯವು, ನಾಲ್ಕು ದಂತದವು, ಸಲಿಕೆಯಂಥ ದವಡೆಯವು. ಒಟ್ಟು ಸುಮಾರು 180 ಜಾತಿ ಆಗಿಹೋಗಿವೆ. ಈಗ ಉಳಿದದ್ದು ಮೂರು.

ಜೋಯಿಡಾದಲ್ಲಿ ಮುಂಗಡ ಕೊಟ್ಟಿದ್ದ ಒಂದು ಹೋಂಸ್ಟೇಯವರು ಫೋನೇ ಎತ್ತಲಿಲ್ಲ. ಗೇಟಿಗೆ ಬೀಗ. ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಸಿಟ್ಟಿನಲ್ಲಿ ದಾಂಡೇಲಿವರೆಗೆ ಯಾರೂ ಮಾತಾಡಲಿಲ್ಲ. ಅಲ್ಲೊಂದು ಲಾಡ್ಜು ಸಿಕ್ಕಿತು, ಸೊಳ್ಳೆ ಜೊತೆ.

ನಿದ್ದೆ ಬಾರದೇ ಬಾವನಿಗೆ ಟಿಪಿ53 ಕತೆ ಹೇಳಿದೆ. ಕ್ಯಾನ್ಸರ್ ತಡೆಯುವ ಜೀನ್ ಅದು, ನಮ್ಮ ಲ್ಯಾಬಿನಲ್ಲಿ ಬಹಳ ಸಲ ನೋಡುವಂಥದ್ದು. ಮನುಷ್ಯನಿಗೆ ಒಂದು ಜೊತೆ. ಆನೆಗೆ 20 ಜೊತೆ, 2015ರಲ್ಲಿ ಗೊತ್ತಾದದ್ದು. ಇಷ್ಟು ದೊಡ್ಡ ಮೈ, ಇಷ್ಟು ಜೀವಕೋಶ, ಇಷ್ಟು ಆಯಸ್ಸು, ಲೆಕ್ಕದ ಪ್ರಕಾರ ಎಲ್ಲ ಆನೆಗೂ ಕ್ಯಾನ್ಸರ್ ಬರಬೇಕು. ಬರುವುದು ಬಹಳ ಕಡಿಮೆ. ಮೈ ದೊಡ್ಡದಾಗುತ್ತಾ ಹೋದ ಹಾಗೆ ಕಾವಲೂ ಹೆಚ್ಚಾಗಿದೆ. ಬಾವ ಅರ್ಧಕ್ಕೇ ಗೊರಕೆ ಹೊಡೆಯುತ್ತಿದ್ದ.

ಮೂರನೇ ದಿನ: ಮುಂಡಗೋಡದ ಮಾಳ

ಈ ದಿನಕ್ಕಾಗಿಯೇ ಅಷ್ಟು ಸುತ್ತಿದ್ದು. ಹಳಿಯಾಳದಲ್ಲಿ ರಸ್ತೆಯ ಎರಡೂ ಕಡೆ ಕಬ್ಬು. ಅಲ್ಲಿಂದ ಕಲಘಟಗಿ ಮೇಲೆ ಮುಂಡಗೋಡ. ಬಾವನ ಬ್ಯಾಂಕಿನ ಗೆಳೆಯರ ಅಣ್ಣ ಕಾಡಂಚಿನ ಒಂದು ಹಳ್ಳಿಯಲ್ಲಿ ಭತ್ತ ಬೆಳೆಯುತ್ತಾರೆ. ಕಾಕಾ ಅಂತಲೇ ಎಲ್ಲರೂ ಕರೆಯುವುದು. ಅರವತ್ತು ದಾಟಿದೆ, ತಲೆಗೆ ಟವೆಲ್ಲು, ಕೈಯಲ್ಲಿ ಉದ್ದ ಟಾರ್ಚು.

"ಮೊನ್ನೆ ರಾತ್ರಿ ಬಂದಿದ್ವು ನೋಡ್ರಿ," ಅಂತ ನೇರ ಹೊಲಕ್ಕೆ ಕರೆದುಕೊಂಡು ಹೋದರು. ಕೊಯ್ದು ಒಟ್ಟಿದ್ದ ಭತ್ತದ ಬಣವಿಯ ಒಂದು ಮೂಲೆ ಇರಲೇ ಇಲ್ಲ. ಒದ್ದೆ ಮಣ್ಣಲ್ಲಿ ಹೆಜ್ಜೆ, ಮಗಳ ಎರಡೂ ಪಾದ ಒಳಗೆ ಹೋಗಿ ಜಾಗ ಉಳಿಯಿತು. ಆಚೆಗೆ ಲದ್ದಿ.

ಲದ್ದಿ ಬಗ್ಗೆ ಸ್ವಲ್ಪ ಬರೆಯಲೇಬೇಕು. ಫುಟ್‌ಬಾಲಿಗಿಂತ ಚೂರು ಚಿಕ್ಕದು, ನಾಲ್ಕು ಉಂಡೆ ಸಾಲಾಗಿ ಬಿದ್ದಿದ್ದವು, ಒಂದು ಒಡೆದಿತ್ತು. ವಾಸನೆ ನಾನು ಅಂದುಕೊಂಡಷ್ಟು ಇಲ್ಲ, ಮಳೆಗೆ ನೆನೆದ ಹುಲ್ಲಿನ ಹಾಗೆ. ಕಡ್ಡಿಯಲ್ಲಿ ಬಿಡಿಸಿದರೆ ಒಳಗೆಲ್ಲ ನಾರು, ಬಿದಿರಿನ ಸಿಗುರು, ಅಗಿಯದೇ ಉಳಿದ ಇಡೀ ಭತ್ತದ ಕಾಳು. ಆನೆ ತಿಂದದ್ದರಲ್ಲಿ ಅರ್ಧವೂ ಅರಗುವುದಿಲ್ಲ. ಡಿಎನ್‌ಎ ಇರುವುದು ಈ ನಾರಲ್ಲಲ್ಲ, ಹೊರಗಿನ ತೆಳು ಲೋಳೆ ಪದರದಲ್ಲಿ. ಕರುಳಿನಿಂದ ಜಾರಿಕೊಂಡು ಬರುವಾಗ ಕರುಳ ಗೋಡೆಯ ಜೀವಕೋಶ ಉಂಡೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆದುಕೊಂಡರೆ ಸಾಕು. ಬಿಸಿಲು ಬಿದ್ದು ಒಣಗಿದರೆ ಕೆಲಸ ಕೆಡುತ್ತದೆ, ತಾಜಾ ಇರಬೇಕು. ಡಿಎನ್‌ಎಯಲ್ಲಿ ಕೆಲವು ಕಡೆ ಒಂದೇ ಅಕ್ಷರದ ಗುಂಪು ತೊದಲಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ತೊದಲುತ್ತದೆ ಅನ್ನುವುದು ಒಂದೊಂದು ಆನೆಗೆ ಒಂದೊಂದು ಥರ. ಅಂಥ ಹಲವು ಜಾಗ ಹೋಲಿಸಿದರೆ ಈ ಲದ್ದಿಯೂ ಆ ಲದ್ದಿಯೂ ಒಂದೇ ಆನೆಯದಾ ಬೇರೆಯಾ ಅಂತ ಹೇಳಬಹುದು. ಮನುಷ್ಯರಲ್ಲಿ ಅಪ್ಪ ಯಾರು ಅಂತ ಕೋರ್ಟಿಗೆ ಹೇಳುವುದೂ ಇದೇ ಉಪಾಯದಿಂದ.

ಕಾಕಾ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಅಲ್ರಿ, ಇವು ಎಲ್ಲಿಂದ ಬಂದಾವು ಅಂತ ಅದು ಹೇಳ್ತೈತೇನು? ನಮ್ಮಪ್ಪನ ಕಾಲಕ್ಕ ಇಷ್ಟ ಇರ್ಲಿಲ್ಲ."

ಅರ್ಧ ಹೇಳುತ್ತದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನವರು ಮತ್ತು ಜೊತೆಗಾರರು ಇಡೀ ದೇಶದ ಕಾಡಾನೆಗಳ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿ 2024ರಲ್ಲಿ ಪ್ರಕಟಿಸಿದರು. ಭಾರತದ ಆನೆಗಳಲ್ಲಿ ಐದು ಗುಂಪು. ಹಿಮಾಲಯದ ತಪ್ಪಲಿನದು ಒಂದು, ಮಧ್ಯ ಭಾರತದ್ದು ಒಂದು, ಪಶ್ಚಿಮ ಘಟ್ಟದಲ್ಲಿ ಮೂರು. ಘಟ್ಟದ ಸಾಲಿನಲ್ಲಿ ಎರಡು ಕಡೆ ತಗ್ಗು ಇದೆ, ಪಾಲಕ್ಕಾಡ್ ಹತ್ತಿರ ಒಂದು, ಸೆಂಗೋಟೈ ಹತ್ತಿರ ಇನ್ನೊಂದು. ಆ ತಗ್ಗುಗಳೇ ಮೂರು ಗುಂಪನ್ನು ಬೇರೆ ಮಾಡಿವೆ. ಉತ್ತರದಿಂದ ದಕ್ಷಿಣಕ್ಕೆ ಹೋದ ಹಾಗೆ ಡಿಎನ್‌ಎಯ ವೈವಿಧ್ಯ ಕಡಿಮೆಯಾಗುತ್ತಾ ಹೋಗುತ್ತದೆ. ಅಂದರೆ ಆನೆಗಳು ಉತ್ತರದಿಂದ ಇಳಿದು ಬಂದಿವೆ. ಪ್ರತಿ ಸಲ ಸ್ವಲ್ಪ ಆನೆ ಮುಂದೆ ಹೋದವು, ಹೋದವು ತಮ್ಮಲ್ಲಿದ್ದಷ್ಟು ವೈವಿಧ್ಯ ಮಾತ್ರ ಒಯ್ದವು. ಮನೆ ಪಾಲಾದಾಗ ಪಾತ್ರೆ ಹಂಚಿದ ಹಾಗೆ, ಮೂರನೇ ಪಾಲಿನ ಹೊತ್ತಿಗೆ ಚೆಂಬು ಮಾತ್ರ ಉಳಿದಿರುತ್ತದೆ. ಭೂಪಟ ನೋಡಿದರೆ ನಮ್ಮ ಜಿಲ್ಲೆ ಪಾಲಕ್ಕಾಡಿನ ಮೇಲಿನ ಗುಂಪಿನ ಉತ್ತರದ ಅಂಚಿಗೆ ಬರುತ್ತದೆ. ಅಂಚೂ ನಿಂತಲ್ಲಿ ನಿಂತಿಲ್ಲ. ಇಪ್ಪತ್ತು ವರ್ಷದ ಹಿಂದೆ ದಾಂಡೇಲಿ ಕಡೆಯಿಂದ ಹೊರಟ ಆನೆಗಳು ಮಹಾರಾಷ್ಟ್ರದ ದೋಡಾಮಾರ್ಗದವರೆಗೆ ಹೋಗಿವೆ.

"ಅಂದ್ರ ಬರೂದು ಹೋಗೂದು ಅದರ ಚಾಳಿ," ಅಂದರು ಕಾಕಾ.

ರಾತ್ರಿ ಮಾಳಕ್ಕೆ ಹತ್ತಿದೆವು. ನಾಲ್ಕು ಕಂಬ, ಮೇಲೆ ಹಲಗೆ, ತಗಡಿನ ಮಾಡು. ಡಬ್ಬ, ಕೋಲು, ಗರ್ನಲ್ ಪಟಾಕಿ, ಫ್ಲಾಸ್ಕಿನಲ್ಲಿ ಚಹಾ. ರಾತ್ರಿ ಹೊತ್ತು ಹೆಸರು ತೆಗೆಯಬೇಡಿ, ಗಣಪ್ಪ ಅನ್ನಿ ಅಂತ ಕಾಕಾ ಎಚ್ಚರಿಸಿದರು. ಹಾಗಾಗಿ ಪಿಸುಮಾತಿನಲ್ಲಿ ಇನ್ನೊಬ್ಬ ಗಣಪ್ಪನ ಕತೆ ಹೇಳಿದೆ. ಶಿವಾಲಿಕ್ ಬೆಟ್ಟದ ಪಳೆಯುಳಿಕೆಗಳನ್ನು ಅಗೆಸಿದ ಫಾಲ್ಕನರ್, ಕಾಟ್ಲಿ ಎಂಬ ಬ್ರಿಟಿಷರು 1840ರ ದಶಕದಲ್ಲಿ ಒಂದು ಹಳೇ ಆನೆಗೆ ಗಣೇಶನ ಹೆಸರನ್ನೇ ಇಟ್ಟರು. ಈಗ ಅದು ಸ್ಟೆಗೊಡಾನ್ ಗಣೇಶ. ದಂತ ಭಾರೀ ಉದ್ದ, ಎರಡೂ ಎಷ್ಟು ಹತ್ತಿರ ಅಂದ್ರೆ ಸೊಂಡಿಲು ಮಧ್ಯೆ ಇಳಿಬಿಡಲು ಜಾಗವಿಲ್ಲ, ಪಕ್ಕಕ್ಕೆ ಹಾಕಿಕೊಳ್ಳಬೇಕಿತ್ತು. ಮಗಳಿಗೆ ಇದು ಬಹಳ ಹಿಡಿಸಿತು. ತೋಳನ್ನು ಮೂಗಿಗೆ ಹಿಡಿದು ಪಕ್ಕಕ್ಕೆ ತಿರುಗಿಸಿ ಅಭ್ಯಾಸ ಮಾಡಿದಳು.

ಕಾಕಾ ಹೇಳಿದ ಒಂದು ಮಾತು ತಲೆಯಲ್ಲಿ ಉಳಿಯಿತು. ಕೆಲವು ವರ್ಷದ ಹಿಂದೆ ಒಂದು ಮುದಿ ಆನೆ ಕೆರೆ ಹತ್ತಿರ ಸತ್ತಿತ್ತಂತೆ. ಗಾಯ ಇಲ್ಲ, ರೋಗ ಇಲ್ಲ. "ಬಾಯಾಗ ಹಲ್ಲ ಇರ್ಲಿಲ್ಲ, ಹೊಟ್ಟಿಗೆ ಇಲ್ದ ಸತ್ತಿತ್ತು ಅಂತ ಗಾರ್ಡ್ ಹೇಳಿದ." ಸರಿಯೇ. ಆನೆಗೆ ದವಡೆ ಹಲ್ಲು ಆಯಸ್ಸಿನಲ್ಲಿ ಆರು ಸಲ ಬರುತ್ತವೆ. ನಮ್ಮ ಹಾಗೆ ಕೆಳಗಿಂದ ಮೇಲೆ ಅಲ್ಲ, ಹಿಂದಿನಿಂದ ಮುಂದಕ್ಕೆ ಸರಿಯುತ್ತವೆ. ಮುಂದಿನದು ಸವೆದು ಚೂರಾಗಿ ಬೀಳುತ್ತದೆ, ಹಿಂದಿನದು ಜಾಗಕ್ಕೆ ಬರುತ್ತದೆ. ಆರನೆಯದೂ ಸವೆದರೆ ಮುಗಿಯಿತು. ಒಂದು ಹಲ್ಲು ಹೇಗಿರುತ್ತದೆ ಅಂದರೆ ಉಳಿಯಿಂದ ಹೊಸದಾಗಿ ಗೀರು ಹೊಡೆಸಿದ ಬೀಸುಕಲ್ಲಿನ ಹಾಗೆ, ಅಡ್ಡಡ್ಡ ಏಣುಗಳ ಸಾಲು. ಹಳೇ ಆನೆಗಳಿಗೆ ಹೀಗಿರಲಿಲ್ಲ, ಗುಬುಟು ಗುಬುಟು ಹಲ್ಲು, ಸೊಪ್ಪು ಅಗಿಯಲು ಸಾಕಾಗುವಂಥದ್ದು. ಆಫ್ರಿಕಾದಲ್ಲಿ ಕಾಡು ಹಿಂದೆ ಸರಿದು ಹುಲ್ಲು ಹಬ್ಬಿತು. ಸುಮಾರು 80 ಲಕ್ಷ ವರ್ಷ ಹಿಂದೆ ಆನೆಗಳು ಹುಲ್ಲು ಮೇಯಲು ಶುರು ಮಾಡಿದವು. ಹುಲ್ಲಲ್ಲಿ ಮರಳಿನಂಥ ಕಣ, ಮೇಲೆ ಧೂಳು, ಹಲ್ಲು ಬೇಗ ಸವೆಯುತ್ತದೆ. ಆದರೂ ಹಲ್ಲು ಎತ್ತರವಾಗಲು ಇನ್ನೂ 30 ಲಕ್ಷ ವರ್ಷ ಹಿಡಿಯಿತು. ಮೊದಲು ಬಾಯಿಚಪಲ, ಆಮೇಲೆ ಹಲ್ಲು! ಇದನ್ನು ಏಡ್ರಿಯನ್ ಲಿಸ್ಟರ್ ಎಂಬ ವಿಜ್ಞಾನಿ 2013ರಲ್ಲಿ ತೋರಿಸಿದರು.

ಅಷ್ಟು ಹೇಳಿ ಕತ್ತಲಲ್ಲಿ ಹೊಲದ ಕಡೆ ನೋಡುತ್ತಾ ಕೂತಾಗ ನನಗೇ ಹೊಳೆದದ್ದು: ಭತ್ತ ಹುಲ್ಲು. ಕಬ್ಬು ಹುಲ್ಲು. ಗೊಂಜಾಳ ಹುಲ್ಲು. ಆಚೆ ಕಾಡಿನ ಬಿದಿರೂ ಹುಲ್ಲಿನ ಜಾತಿಯೇ. ಕಾಕಾ ಬೆಳೆಯುವುದೆಲ್ಲ ಹುಲ್ಲೇ, ಅದೂ ನೀರು, ಗೊಬ್ಬರ ಹಾಕಿ ದಪ್ಪ ಮಾಡಿದ ಹುಲ್ಲು. ಕಾಕಾಗೆ ಹೇಳಿದೆ. ಅವರು ನಗಲಿಲ್ಲ. "ಪರಿಹಾರದ ಅರ್ಜಿಯಾಗ ಹಂಗ ಬರಿಯಾಕ ಬರ್ತೈತೇನ್ರಿ?" ಅಂದರು.

ಎರಡು ಗಂಟೆ ಹೊತ್ತಿಗೆ ಕಾಡಿನ ಕಡೆ ಬಿದಿರು ಮುರಿದ ಸದ್ದು. ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಕಾಕಾ ಟಾರ್ಚು ಹಾಕಲಿಲ್ಲ. ಕೈ ಎತ್ತಿ ಸುಮ್ನಿರಿ ಅಂದರು. ಮಗಳ ಉಗುರು ನನ್ನ ತೋಳಿಗೆ ನಾಟಿತ್ತು. ಒಂದು ಗುಡುಗುಡು, ಹೊಟ್ಟೆಯೊಳಗಿಂದ ಬಂದ ಹಾಗೆ, ಕೇಳಿತೋ ಹಲಗೆ ನಡುಗಿತೋ ಹೇಳಲಾರೆ. ಆಮೇಲೆ ಏನೂ ಇಲ್ಲ. ಬೆಳಗಾಯಿತು. ಆನೆ ನೋಡಲು ಹೋದವನು ಆನೆ ನೋಡಲೇ ಇಲ್ಲ.

ನಾಲ್ಕನೇ ದಿನ: ಬನವಾಸಿ, ಶಿರಸಿ

ನಿದ್ದೆಗಣ್ಣಲ್ಲೇ ಮಳಗಿ ಮೇಲೆ ಬನವಾಸಿಗೆ. ಮಧುಕೇಶ್ವರ ದೇವಸ್ಥಾನದ ಬಾಗಿಲಲ್ಲಿ ಕಲ್ಲಿನ ಆನೆಗಳು ನಿಂತಿವೆ. ಕಡೆಗೂ ಆನೆ ಸಿಕ್ತಲ್ಲ ಅಂತ ಬಾವ ಫೋಟೋ ಹೊಡೆದ.

ಇವು ನಮ್ಮ ಆನೆ, ಚಿಕ್ಕ ಕಿವಿಯವು. ಆಫ್ರಿಕಾದವಕ್ಕೆ ಮೊರದಗಲ ಕಿವಿ. ಇವೆರಡರ ದಾರಿ ಬೇರೆಯಾಗಿ ಸುಮಾರು 70 ಲಕ್ಷ ವರ್ಷ. ತಮಾಷೆ ಅಂದ್ರೆ ನಮ್ಮ ಆನೆಗೆ ಆಫ್ರಿಕಾದ ಆನೆಗಿಂತ ಮ್ಯಾಮತ್ ಹತ್ತಿರ. ಮೈತುಂಬ ಕೂದಲಿದ್ದ, ಸೈಬೀರಿಯಾದ ಹಿಮದಲ್ಲಿ ಸಿಗುವ ಆ ಮ್ಯಾಮತ್ತೇ. ಹೆಪ್ಪುಗಟ್ಟಿದ ನೆಲದಲ್ಲಿ ಡಿಎನ್‌ಎ ಕೆಡದೇ ಉಳಿದದ್ದರಿಂದ ಇದೆಲ್ಲ ಗೊತ್ತಾದದ್ದು. 2021ರಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಳೆಯ ಮ್ಯಾಮತ್ ಹಲ್ಲಿನಿಂದ ಡಿಎನ್‌ಎ ತೆಗೆದು ಓದಿದರು. ನಮ್ಮ ಲ್ಯಾಬಿನಲ್ಲಿ ಫ್ರಿಜ್ ಒಂದು ರಾತ್ರಿ ಕೈಕೊಟ್ಟರೆ ಸ್ಯಾಂಪಲ್ ಹಾಳು ಅಂತ ಗಲಾಟೆ ಆಗುತ್ತದೆ.

ನಂಟು ಹೇಳುವುದಾದರೆ ಮ್ಯಾಮತ್ ನಮ್ಮ ಆನೆಗೆ ದೊಡ್ಡಪ್ಪನ ಮಗ. ಆಫ್ರಿಕಾದವು ಇನ್ನೂ ಹಿಂದಿನ ತಲೆಮಾರಿನಲ್ಲಿ ಪಾಲಾದ ಮನೆಯವು. ಆ ಮನೆಯಲ್ಲೂ ಎರಡು ಒಲೆ, ಹುಲ್ಲುಗಾವಲಿನದು, ದಟ್ಟ ಕಾಡಿನದು. ಅವು ಬೇರೆ ಬೇರೆ ಜಾತಿ ಅಂತ ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಬಂದದ್ದು 2021ರಲ್ಲಿ. ಕೊನೆಯ ಮ್ಯಾಮತ್‌ಗಳು ಆರ್ಕ್‌ಟಿಕ್‌ನ ರ್‍ಯಾಂಗಲ್ ದ್ವೀಪದಲ್ಲಿ ಸುಮಾರು 4,000 ವರ್ಷ ಹಿಂದಿನವರೆಗೂ ಇದ್ದವು. ಹರಪ್ಪದವರು ಮುದ್ರೆ ಮೇಲೆ ನಮ್ಮ ಆನೆ ಕೆತ್ತುತ್ತಿದ್ದ ಕಾಲಕ್ಕೆ ಅದರ ದೊಡ್ಡಪ್ಪನ ಮಗ ಇನ್ನೂ ಬದುಕಿದ್ದ.

ಮಧ್ಯಾಹ್ನ ಶಿರಸಿ ದಾಟಿ ಮನೆ. ಆಯಿ ಅಪ್ಪೆಹುಳಿ ಮಾಡಿಟ್ಟಿದ್ದಳು, ಎರಡು ಲೋಟ ಕುಡಿದೆ. ಮೊಮ್ಮಗಳು ಒಂದೇ ಉಸಿರಿಗೆ ಎಲ್ಲ ಹೇಳಿದಳು, ಲದ್ದಿ, ಹಲ್ಲು, ಆರು ಕಿಲೋ ಆನೆ.

"ಅಯ್ಯೋ ತಮಾ, ಆನೆ ಬೆಕ್ಕಿನಷ್ಟಿತ್ತು ಅಂದ್ರೆ ಯಾರು ನಂಬ್ತ್ವ?" ಅಂತ ಆಯಿ ನನ್ನ ಕಡೆ ತಿರುಗಿದಳು.

ಬೆಕ್ಕಿಗಿಂತ ಸ್ವಲ್ಪ ದೊಡ್ಡದು ಆಯಿ, ಅಂದೆ.

ರಾತ್ರಿ ಊಟ ಆದ ಮೇಲೆ ಬಾವನ ಫೋನಿಗೆ ಕಾಕಾ. ನಾವು ಹೊರಟ ಮೇಲೆ ಹಗಲಲ್ಲೇ ಆನೆಗಳು ಕಾಡಿನ ಅಂಚಲ್ಲಿ ಕಂಡವಂತೆ, ಮೂರು ದೊಡ್ಡವು, ಒಂದು ಮರಿ. ಬಣವಿ ಮುಟ್ಟಲಿಲ್ಲ, ಹಾಗೇ ದಾಟಿ ಹೋದವಂತೆ. ಮಗಳು ಫೋನು ಕಿತ್ತುಕೊಂಡಳು.

"ಎಲ್ಲಿಗೆ ಹೋದ್ವು ಕಾಕಾ?"

"ಹಳಿಯಾಳದ ಕಡೆ ತಂಗಿ. ಅಲ್ಲಿ ಕಬ್ಬು ಇನ್ನೂ ಕಡದಿಲ್ಲ."